ಲಿಂಬೆ ತೋಟದಲ್ಲಿ ಹೂವು ಹೇರಳ, ಕಾಯಿ ವಿರಳ: ತಪ್ಪು ಜೇನಿನದೋ, ಗಿಡದ್ದೋ?

ದೂರು ಎಲ್ಲ ಕಡೆ ಒಂದೇ. ಗಿಡದ ತುಂಬ ಹೂ ಬಿಟ್ಟಿತ್ತು, ಹದಿನೈದು ದಿನದಲ್ಲಿ ನೆಲವೆಲ್ಲ ಬೆಳ್ಳಗಾಯಿತು, ಈಗ ಗಿಡದಲ್ಲಿ ಹೀಚು ಹುಡುಕಬೇಕು. ಮಹಾರಾಷ್ಟ್ರದ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಕಡೆಯ ಕಾಗ್ಜಿ (ತೆಳು ಸಿಪ್ಪೆಯ) ಲಿಂಬೆ ತೋಟಗಳಲ್ಲಿ ಇದಕ್ಕೆ ಸಿಗುವ ಮೊದಲ ಉತ್ತರ "ಜೇನಹುಳ ಇಲ್ಲರಿ", ಎರಡನೆಯದು "ಪೆಟ್ಟಿಗಿ ತರಸ್ರಿ". ಜೇನಿನ ಪೆಟ್ಟಿಗೆ ಬಂದ ಮೇಲೂ ಕಾಯಿ ಕಚ್ಚದಿದ್ದರೆ ಬೈಗುಳ ಜೇನು ಸಾಕುವವನ ಪಾಲಿಗೆ. ನಿಜ ಹೇಳಬೇಕೆಂದರೆ, ಹೂವು ಕಾಯಾಗುವ ದಾರಿಯಲ್ಲಿ ಎಲ್ಲಿ ತಡೆ ಬಿದ್ದಿದೆ ಎಂದು ನೋಡದೆ ತರಿಸಿದ ಪೆಟ್ಟಿಗೆಗೆ ಕೊಟ್ಟ ಬಾಡಿಗೆ ಎಷ್ಟೋ ಸಲ ದಂಡವೇ.

ಈ ತಡೆಯನ್ನು ತೋಟದಲ್ಲೇ ನಿಂತು ಪತ್ತೆ ಮಾಡಬಹುದು. ಬೇಕಾದದ್ದು ಎರಡು ಮೀಟರ್ ಸೊಳ್ಳೆ ಪರದೆ ಬಟ್ಟೆ, ತೆಳು ತಂತಿ, ಮೂರು ಬಣ್ಣದ ಉಣ್ಣೆ ದಾರ, ಒಂದು ವಹಿ, ಗಡಿಯಾರ, ಸಿಕ್ಕರೆ ಒಂದು ಭೂತಗನ್ನಡಿ.

ಮೊದಲೇ ತಿಳಿದಿರಬೇಕಾದ ಎರಡು ಮಾತು

ಒಂದು: ಲಿಂಬೆ ಜಾತಿಯ ಯಾವ ಗಿಡವೂ ತಾನು ಹೊರಲಾಗದಷ್ಟು ಹೂ ಬಿಡುತ್ತದೆ. ಗಟ್ಟಿಮುಟ್ಟಾದ ಗಿಡದಲ್ಲೂ ಬಹುಪಾಲು ಹೂವು ಉದುರಿಯೇ ಹೋಗುತ್ತದೆ. ಮೂಸಂಬಿಯಲ್ಲಂತೂ ನೂರು ಹೂವಿಗೆ ಕೊಯ್ಲಿನ ತನಕ ನಿಲ್ಲುವುದು ಬೆರಳೆಣಿಕೆಯ ಕಾಯಿ ಅಷ್ಟೇ. ಆದ್ದರಿಂದ ನೆಲ ಬೆಳ್ಳಗಾದದ್ದು ತಾನಾಗಿ ರೋಗದ ಗುರುತಲ್ಲ. ಗಿಡದ ಮೇಲೆ ಉಳಿದದ್ದನ್ನು ಎಣಿಸಬೇಕೇ ಹೊರತು ನೆಲಕ್ಕೆ ಬಿದ್ದದ್ದನ್ನಲ್ಲ.

ಎರಡು: ಗಿಡ ಯಾವ ತಳಿ ಎಂಬುದು. ಕಾಗ್ಜಿ, ರಾಹುರಿಯಿಂದ ಬಂದ ಸಾಯಿ ಶರಬತಿ, ತಿರುಪತಿಯಿಂದ ಬಂದ ಬಾಲಾಜಿ, ಇವೆಲ್ಲ ಬೀಜದ ಲಿಂಬೆ. ತಮ್ಮ ಪರಾಗದಿಂದಲೇ ಕಾಯಾಗಬಲ್ಲವು. ಆದರೆ ಆ ಪರಾಗ ಅಂಟಂಟು, ಗಾಳಿಗೆ ಹಾರುವಂಥದ್ದಲ್ಲ. ಯಾರಾದರೂ ಒಯ್ದು ಮುಟ್ಟಿಸಬೇಕು. ಬೀಜವಿಲ್ಲದ ದಪ್ಪ ಲಿಂಬೆ, ಅಂದರೆ ತಾಹಿತಿ ಜಾತಿ ನೆಟ್ಟವರು ಇಲ್ಲಿಗೇ ಓದುವುದನ್ನು ನಿಲ್ಲಿಸಿ ಕೊನೆಯ ಭಾಗಕ್ಕೆ ಹೋಗಬಹುದು. ಅದಕ್ಕೆ ಪರಾಗಸ್ಪರ್ಶವೇ ಬೇಡ. ಅಲ್ಲಿ ಹೂ ಉದುರಿದರೆ ಜೇನನ್ನು ಕೇಳಿ ಪ್ರಯೋಜನವಿಲ್ಲ. (ಇದರ ಉಲ್ಟಾ ತಕರಾರೂ ಜಗತ್ತಿನಲ್ಲಿದೆ. ಸ್ಪೇನ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಬೀಜವಿಲ್ಲದ ಕಿತ್ತಳೆ ಬೆಳೆಯುವವರು ಜೇನು ಬಂದರೆ ಹಣ್ಣಿನಲ್ಲಿ ಬೀಜ ಕೂಡುತ್ತದೆಂದು ಪೆಟ್ಟಿಗೆಗಳನ್ನು ದೂರ ಇಡಿಸಲು ಹೋರಾಡಿದ್ದಾರೆ, ಗಿಡಕ್ಕೇ ಬಲೆ ಹೊದಿಸಿದ್ದಾರೆ.)

ಬಿದ್ದದ್ದನ್ನು ಎತ್ತಿ ನೋಡಿ

ಗಿಡದ ಬುಡದಲ್ಲಿ ಗೋಣಿತಟ್ಟು ಹಾಸಿ ಒಂದು ದಿನ ಬಿಡಿ. ಮರುದಿನ ಬಿದ್ದದ್ದನ್ನು ಮೂರು ಗುಂಪು ಮಾಡಿ.

ಅರಳದ ಮೊಗ್ಗೇ ಹೆಚ್ಚಿದ್ದರೆ ಅದು ಪರಾಗದ ಪ್ರಶ್ನೆಯೇ ಅಲ್ಲ. ನೀರಿನ ಏರುಪೇರು ಅಥವಾ ನುಸಿ. ಮೊಗ್ಗನ್ನು ಕಪ್ಪು ಬಟ್ಟೆಯ ಮೇಲೆ ತಟ್ಟಿ. ಹಳದಿ ಬಣ್ಣದ, ದಾರದ ಎಳೆಯಷ್ಟು ಸಣ್ಣ ಹುಳ ಓಡಿದರೆ ಥ್ರಿಪ್ಸ್ ನುಸಿ.

ಅರಳಿ ಎಸಳು ಕಳಚಿದ, ನಡುವಿನ ಹಸಿರು ಗುಂಡು ಹಳದಿಗೆ ತಿರುಗಿದ ಹೂವು ತೊಟ್ಟಿನ ಸಮೇತ ಬಿದ್ದಿದ್ದರೆ ಪರಾಗಸ್ಪರ್ಶದ ಕೊರತೆ ಇರಬಹುದು. ಇರಬಹುದು ಅಷ್ಟೇ. ನಡುವೆ ಗುಂಡೇ ಇಲ್ಲದ ಗಂಡುಹೂವೂ ಅರಳಿ ತೊಟ್ಟಿನ ಸಮೇತ ಬೀಳುತ್ತದೆ, ಬಾಯಾರಿದ ಗಿಡದ ಹೂವೂ ಹೀಗೇ ಬೀಳುತ್ತದೆ.

ಬಟಾಣಿಯಿಂದ ಗೋಲಿಯಷ್ಟಾದ ಕಾಯಿ ಬೀಳುತ್ತಿದ್ದರೆ ಜೇನು ತನ್ನ ಕೆಲಸ ಎಂದೋ ಮುಗಿಸಿದೆ. ಎಳೆಯ ಹೀಚು ತೊಟ್ಟಿನ ಸಮೇತ ಬೀಳುತ್ತದೆ. ಕಾಯಿ ದಪ್ಪಗಾದ ಮೇಲೆ ಬೀಳುವುದು ತೊಟ್ಟು ಮತ್ತು ಅದರ ನಕ್ಷತ್ರದಂಥ ಟೊಪ್ಪಿಗೆಯನ್ನು ಟೊಂಗೆಯಲ್ಲೇ ಬಿಟ್ಟು. ಟೊಂಗೆಯಲ್ಲಿ ಬರೀ ಟೊಪ್ಪಿಗೆ ಕಂಡರೆ ಪೆಟ್ಟಿಗೆ ತರಿಸುವ ಮಾತು ಬಿಡಿ, ನೀರು-ಗೊಬ್ಬರದ ಲೆಕ್ಕ ತೆಗೆಯಿರಿ.

ಗಂಡುಹೂವಿನ ಎಣಿಕೆ

ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಲಿಂಬೆಯಲ್ಲಿ ಎರಡು ಬಗೆಯ ಹೂವಿದೆ. ಪೂರ್ಣ ಹೂವಿನ ನಡುವೆ ಹಸಿರು ಗುಂಡು, ಅದರ ಮೇಲೊಂದು ಕಡ್ಡಿ, ಕಡ್ಡಿಯ ತುದಿಗೆ ಅಂಟು ಹಚ್ಚಿದಂಥ ಹಳದಿ ತಲೆ. ಗಂಡುಹೂವಿನಲ್ಲಿ ಎಸಳು ಬಿಳಿ, ಪರಾಗದ ಕಡ್ಡಿಗಳ ಸುತ್ತು ಸರಿಯಾಗಿಯೇ ಇರುತ್ತದೆ, ಪರಿಮಳವೂ ಇರುತ್ತದೆ. ಆದರೆ ನಡುವೆ ಗುಂಡಿನ ಜಾಗದಲ್ಲಿ ಒಂದು ಮೊಂಡು ಗುರುತು, ಕೆಲವೊಮ್ಮೆ ಅದೂ ಇಲ್ಲ. ಊರಿನ ಜೇನೆಲ್ಲ ಬಂದು ಕೂತರೂ ಅದು ಕಾಯಾಗದು.

ತೋಟದ ಹತ್ತು ಗಿಡದಿಂದ, ಗಿಡಕ್ಕೆ ಹತ್ತರಂತೆ, ಅದೇ ದಿನ ಅರಳಿದ 100 ಹೂ ಬಿಡಿಸಿ ಎಸಳು ಕಿತ್ತು ನೋಡಿ. ಮೇಲಿನ ಟೊಂಗೆ, ಕೆಳಗಿನ ಟೊಂಗೆ, ಒಳಗಿನ ನೆರಳಿನ ಟೊಂಗೆ, ಎಲ್ಲವೂ ಸೇರಿರಲಿ. ಕಣ್ಣಿಗೆ ಕಂಡ ದೊಡ್ಡ ಹೂವನ್ನೇ ಆರಿಸಿದರೆ ಎಣಿಕೆ ಸುಳ್ಳಾಗುತ್ತದೆ. ಅರ್ಧಕ್ಕರ್ಧ ಗಂಡುಹೂವೇ ಬಂದರೆ ಗಿಡ ಸೊರಗಿದೆ ಎಂದು ಓದಿಕೊಳ್ಳಿ. ಬಡಕಲು ಚಿಗುರು, ಹಂಗಾಮಿನ ಕೊನೆಗೆ ಬರುವ ಹೂವು, ನೀರು ನಿಲ್ಲಿಸಿ ಅತಿಯಾಗಿ ಒಣಗಿಸಿದ ಗಿಡ, ಇವುಗಳಲ್ಲಿ ಗಂಡುಹೂವಿನ ಪಾಲು ಏರುತ್ತದೆ.

ಇದೇ ಹೊತ್ತಿಗೆ ಹೂಗೊಂಚಲಿನ ಜೊತೆ ಎಲೆ ಇದೆಯೇ ಎಂದೂ ಗಮನಿಸಿ. ಹೊಸ ಎಲೆಯ ಜೊತೆ ಬಂದ ಹೂವು ಚೆನ್ನಾಗಿ ಕಾಯಿ ಕಚ್ಚುತ್ತದೆ. ಎಲೆಯೇ ಇಲ್ಲದೆ ಬೋಳು ಕಡ್ಡಿಯ ಮೇಲೆ ಮಲ್ಲಿಗೆ ಕಟ್ಟಿದಂತೆ ಬಂದ ಹೂವು ನೋಡಲು ಚಂದ, ಉದುರುವುದರಲ್ಲೂ ಮುಂದು.

ಮೂರು ಟೊಂಗೆಯ ಪರೀಕ್ಷೆ

ಜೇನಿನ ತಪ್ಪೋ ಗಿಡದ ತಪ್ಪೋ ಎಂಬುದನ್ನು ಊಹೆಯಿಲ್ಲದೆ ತೀರ್ಮಾನಿಸುವುದು ಇದೊಂದೇ. ಹೂ ಅರಳಲು ಶುರುವಾದ ವಾರದಲ್ಲೇ ಹಚ್ಚಬೇಕು. ಎಸಳು ಉದುರಿದ ಮೇಲೆ ನೆನಪಾದರೆ ಮುಂದಿನ ಬಹಾರಿನ, ಅಂದರೆ ಹೂವಿನ ಹಂಗಾಮಿನ, ತನಕ ಕಾಯಬೇಕು.

1. ತೋಟದ ನಡುವಿನಿಂದ ಒಂದೇ ವಯಸ್ಸಿನ, ಒಂದೇ ಗಾತ್ರದ 5 ಗಿಡ ಆರಿಸಿ. ಬದುವಿನ ಸಾಲು ಬೇಡ. ಬೇಲಿಯ ಜೇನು ಅಲ್ಲಿ ಜಾಸ್ತಿ ಇರುತ್ತದೆ.

2. ಪ್ರತಿ ಗಿಡದಲ್ಲಿ ಒಂದೇ ದಿಕ್ಕಿಗೆ ಚಾಚಿದ, ಎದೆಯೆತ್ತರದ 3 ಟೊಂಗೆ. ಪ್ರತಿ ಟೊಂಗೆಯಲ್ಲಿ ನಾಳೆ ನಾಡಿದ್ದು ಅರಳುವ ಉಬ್ಬಿದ ಬಿಳಿ ಮೊಗ್ಗು 30 ಉಳಿಸಿ. ಆಗಲೇ ಅರಳಿದ ಹೂವು, ಕಾಳಿನಷ್ಟಿರುವ ಎಳೆ ಮೊಗ್ಗು, ಹಳೆಯ ಹೀಚು ಎಲ್ಲವನ್ನೂ ಚಿವುಟಿ ತೆಗೆಯಿರಿ.

3. ಕೆಂಪು ದಾರದ ಟೊಂಗೆಗೆ ಪರದೆ. ತಂತಿಯ ಎರಡು ಬಳೆ ಮಾಡಿ ಅದರ ಮೇಲೆ ಪರದೆ ಹೊದಿಸಿ ಎರಡೂ ತುದಿ ಕಟ್ಟಿ. ಬಟ್ಟೆ ಹೂವಿಗೆ ತಾಗಬಾರದು. ತಾಗಿದರೆ ಗಾಳಿಗೆ ಅಲ್ಲಾಡುವ ಬಟ್ಟೆಯೇ ಪರಾಗ ಮೆತ್ತಿಬಿಡುತ್ತದೆ, ಪರೀಕ್ಷೆ ಕೆಡುತ್ತದೆ. ಬಿಳಿ ಕಾಗದದ ಚೀಲ, ಪ್ಲಾಸ್ಟಿಕ್ ಚೀಲ ಖಂಡಿತ ಬೇಡ. ಒಳಗೆ ಬಿಸಿಯೇರಿ ಹೂವು ಬೇಯುತ್ತದೆ.

4. ಬಿಳಿ ದಾರದ ಟೊಂಗೆಯನ್ನು ಹಾಗೇ ಬಿಡಿ.

5. ನೀಲಿ ದಾರದ ಟೊಂಗೆಯನ್ನೂ ತೆರೆದೇ ಇಟ್ಟು, ಜೊತೆಗೆ ಕೈಯಿಂದ ಪರಾಗ ಮುಟ್ಟಿಸಿ. ಬಿಸಿಲೇರಿದ ಮೇಲೆ, ಹತ್ತರಿಂದ ಹನ್ನೆರಡರೊಳಗೆ, ಬೇರೆ ಗಿಡದಿಂದ ಅಂದೇ ಅರಳಿದ ಹೂ ತನ್ನಿ. ಮೊಬೈಲಿನ ಕಪ್ಪು ಗಾಜಿಗೆ ಅದನ್ನು ಒರೆಸಿದರೆ ಹಳದಿ ಪುಡಿ ಕೂರಬೇಕು. ಕೂರದಿದ್ದರೆ ಪರಾಗದ ಚೀಲ ಇನ್ನೂ ಒಡೆದಿಲ್ಲ. ಎಸಳು ಕಿತ್ತು, ಪರಾಗದ ಕಡ್ಡಿಗಳನ್ನು ಪೂರ್ಣ ಹೂವಿನ ಹಳದಿ ತಲೆಗೆ ಮೆಲ್ಲಗೆ ಎರಡು ಸುತ್ತು ಸವರಿ. ಒಂದು ಹೂವಿನಿಂದ ಮೂರು ನಾಲ್ಕು ಹೂವಿಗೆ ಸಾಕು. ಮೊಗ್ಗು ಅರಳಿದಂತೆಲ್ಲ ಮೂರು ನಾಲ್ಕು ದಿನ ಇದನ್ನು ಮುಂದುವರಿಸಿ.

6. ಮೂರೂ ಟೊಂಗೆಯಲ್ಲಿ ಗಂಡುಹೂವು ಎಷ್ಟು ಎಂದು ಬರೆದಿಡಿ, ಲೆಕ್ಕದಿಂದ ಕಳೆಯಲು. ಪರದೆಯೊಳಗಿನದನ್ನು ಹೊತ್ತು ಮುಳುಗಿದ ಮೇಲೆ, ಜೇನು ಮನೆ ಸೇರಿದಾಗ ಬಿಚ್ಚಿ ನೋಡಿ ಮತ್ತೆ ಕಟ್ಟಿ.

7. ಎಸಳೆಲ್ಲ ಉದುರಿದ ದಿನ ಪರದೆ ತೆಗೆಯಿರಿ. 15ನೇ ದಿನ ಮತ್ತು 30ನೇ ದಿನ ಕಾಯಿ ಎಣಿಸಿ.

ಐದು ಗಿಡ ಸೇರಿ ಪ್ರತಿ ಬಣ್ಣಕ್ಕೆ 150 ಮೊಗ್ಗು. ಗಂಡುಹೂವು 30 ಕಳೆದರೆ 120 ಎಂದುಕೊಳ್ಳಿ. ಬಿಳಿಯಲ್ಲಿ 14 ಕಾಯಿ, ನೀಲಿಯಲ್ಲಿ 36 ನಿಂತರೆ ನಿಮ್ಮ ತೋಟದಲ್ಲಿ ಜೇನಿನ ಕೆಲಸ ಸಾಲುತ್ತಿಲ್ಲ, ಅನುಮಾನವೇ ಬೇಡ. ಬಿಳಿಯಲ್ಲಿ 30, ನೀಲಿಯಲ್ಲಿ 33, ಕೆಂಪಿನಲ್ಲಿ 9 ಬಂದರೆ ಜೇನು ಇದೆ, ಚೆನ್ನಾಗಿಯೇ ದುಡಿಯುತ್ತಿದೆ. ಇನ್ನೂ ಪೆಟ್ಟಿಗೆ ತಂದರೆ ಲಾಭ ಜೇನು ಸಾಕುವವನಿಗೆ ಮಾತ್ರ. ಮೂರೂ ಬಣ್ಣದಲ್ಲಿ ಆರೇಳು ಕಾಯಿ ಬಂದರೆ ದೋಷ ಗಿಡದ್ದು. ಮೂರರಲ್ಲೂ ಒಂದೇ ಸಮ ಮೂವತ್ತರ ಆಸುಪಾಸು ನಿಂತು ತಿಂಗಳ ಮೇಲೆ ಉದುರಿದರೂ ದೋಷ ಗಿಡದ್ದೇ, ಆದರೆ ಹೂವಿನ ಹಂತದ್ದಲ್ಲ. ನೀಲಿಯಲ್ಲಿ ಬಿಳಿಗಿಂತ ಕಡಿಮೆ ಬಂದರೆ ಕೈ ಒರಟಾಯಿತು, ಹೂವಿನ ತಲೆ ಜಜ್ಜಿದೆ; ಇನ್ನೊಬ್ಬರ ಕೈಯಲ್ಲಿ ಮಾಡಿಸಿ.

ಎರಡು ಎಚ್ಚರಿಕೆ. 12 ಮತ್ತು 15ರ ನಡುವಿನ ಅಂತರ ಅಂತರವೇ ಅಲ್ಲ, ಒಂದೂವರೆ ಪಟ್ಟಿನ ಮೇಲಿದ್ದರೆ ಮಾತ್ರ ನಂಬಿ. ಮತ್ತೆ, ಚೆನ್ನಾಗಿ ಕಾಯಿ ಕಚ್ಚಿದ ಟೊಂಗೆ ಪಕ್ಕದ ಟೊಂಗೆಯ ಅನ್ನವನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ನೀಲಿಯ ಲೆಕ್ಕ ಸ್ವಲ್ಪ ಉಬ್ಬಿರುತ್ತದೆ. ಇಡೀ ತೋಟಕ್ಕೆ ಕೈಪರಾಗ ಮಾಡಿದರೂ ಅಷ್ಟು ಸಿಗದು.

ಹಂಗಾಮು ಮುಗಿದು ಹೋಗಿದ್ದರೆ? ಹಣ್ಣು ಕೊಯ್ದು ನೋಡಿ. ಬೀಜದ ಲಿಂಬೆಯಲ್ಲಿ ಪರಾಗ ಸರಿಯಾಗಿ ಬಿದ್ದ ಹಣ್ಣಿಗೆ ಬೀಜ ಹೆಚ್ಚು, ಗಾತ್ರವೂ ಹೆಚ್ಚು. ಬದುವಿನ ಗಿಡದಿಂದ 25, ತೋಟದ ನಡುವಿನಿಂದ 25 ಹಣ್ಣು ಅಡ್ಡ ಕೊಯ್ದು ಬೀಜ ಎಣಿಸಿ. ಬದುವಿನಲ್ಲಿ ಹತ್ತರ ಆಸುಪಾಸು, ನಡುವೆ ಮೂರು ನಾಲ್ಕು ಬಂದರೆ ಜೇನು ಒಳಗಿನ ತನಕ ಬರುತ್ತಿಲ್ಲ ಎಂದರ್ಥ. ಇದು ಸುಳಿವು, ಸಾಕ್ಷಿಯಲ್ಲ. ಪರೀಕ್ಷೆಯನ್ನು ಮುಂದಿನ ಬಹಾರಿನಲ್ಲಿ ಮಾಡಲೇಬೇಕು.

ನೀಲಿ ಗೆದ್ದರೆ: ಜೇನಿನ ಕಡೆ ಹುಡುಕಾಟ

ಮೊದಲು ಹುಳ ಬರುತ್ತಿದೆಯೇ ನೋಡಿ. ಬಿದಿರು ಕಡ್ಡಿಯಿಂದ ಒಂದು ಮೀಟರ್ ಉದ್ದಗಲದ ಚೌಕ ಮಾಡಿ ಗಿಡಕ್ಕೆ ಆನಿಸಿ, ಐದು ನಿಮಿಷದಲ್ಲಿ ಚೌಕದೊಳಗಿನ ಹೂವಿಗೆ ಎಷ್ಟು ಹುಳ ಬಂದವು ಎಣಿಸಿ. ಹತ್ತು ಗಿಡ, ಬೆಳಿಗ್ಗೆ 9, 11 ಮತ್ತು ಸಂಜೆ 4. ಯಾವ ಜೇನು ಎಂದೂ ಬರೆಯಿರಿ: ಹೆಜ್ಜೇನು, ಕಡ್ಡಿಜೇನು, ನಾಡಿನ ತುಡುವೆ, ಪೆಟ್ಟಿಗೆಯಲ್ಲಿ ಸಾಕುವ ವಿದೇಶಿ ಜೇನು ಮೆಲ್ಲಿಫೆರಾ. ಹುಳ ಕೂತ ರೀತಿಯೂ ಮುಖ್ಯ. ಲಿಂಬೆ ಹೂವಿನ ಮಕರಂದ ಹಸಿರು ಗುಂಡಿನ ಬುಡದಲ್ಲಿ, ಪರಾಗದ ಕಡ್ಡಿಗಳ ಬೇಲಿಯೊಳಗೆ ಇದೆ. ದಪ್ಪ ಹುಳ ಮೇಲಿಂದ ನುಗ್ಗಿದಾಗ ಎದೆಗೆ ಪರಾಗ ಮೆತ್ತಿ, ಹಳದಿ ತಲೆಗೆ ಉಜ್ಜುತ್ತದೆ. ಕಡ್ಡಿಜೇನು ಸಣ್ಣದು; ಪಕ್ಕದ ಸಂದಿಯಿಂದ ತೂರಿ ತಲೆ ಮುಟ್ಟದೆ ಕುಡಿದು ಹೋಗುವುದೂ ಉಂಟು. ಎಣಿಕೆ ಜಾಸ್ತಿ, ಕಾಯಿ ಕಡಿಮೆ ಎಂಬ ತೋಟಗಳಲ್ಲಿ ಇದನ್ನೇ ಮೊದಲು ನೋಡಬೇಕು.

ಹುಳ ಬರುತ್ತಿಲ್ಲ, ಪೆಟ್ಟಿಗೆಯೂ ಇಲ್ಲ

ಲೆಕ್ಕ ಸರಳ. ಎಕರೆಗೆ 1 ರಿಂದ 2 ಮೆಲ್ಲಿಫೆರಾ ಪೆಟ್ಟಿಗೆ, ತುಡುವೆಯಾದರೆ 2 ರಿಂದ 3. ಮೂರು ನಾಲ್ಕು ಎಕರೆ ತೋಟಕ್ಕೆ ಎಲ್ಲವನ್ನೂ ನಡುವೆ ಒಂದೇ ಕಡೆ ಇಡಬಹುದು. ದೊಡ್ಡ ತೋಟದಲ್ಲಿ ನಾಲ್ಕೈದರ ಗುಂಪು ಮಾಡಿ, ಗುಂಪಿನಿಂದ ಗುಂಪಿಗೆ 150 ರಿಂದ 200 ಮೀಟರ್. ಗಾಡಿ ನಿಲ್ಲಿಸಿದ ರಸ್ತೆ ಬದಿಯಲ್ಲೇ ಇಳಿಸಿ ಹೋಗುವುದು ಎಲ್ಲೆಡೆ ಕಾಣುವ ತಪ್ಪು: ರಸ್ತೆಯ ಸಾಲು ತುಂಬುತ್ತದೆ, ಹಿಂದಿನ ಸಾಲು ಖಾಲಿ.

ಕಾಡುಜೇನಿನ ಲೆಕ್ಕವನ್ನೂ ಬಿಡಬೇಡಿ. ಬದುವಿನ ಬೇಲಿಯಲ್ಲಿರುವ ಕಡ್ಡಿಜೇನಿನ ಹುಟ್ಟು, ದೊಡ್ಡ ಮರ ಅಥವಾ ನೀರಿನ ಟಾಕಿಗೆ ಕಟ್ಟಿದ ಹೆಜ್ಜೇನು ಪುಗಸಟ್ಟೆ ಆಳು. ಹಿಂಗಾರಿ ಹೂವಿನ ಹೊತ್ತಿಗೆ ಬರುವ ಹೆಜ್ಜೇನಿಗೆ ಹೊಗೆ ಹಾಕಿ ಓಡಿಸಿ, ಆಮೇಲೆ ಬಾಡಿಗೆ ಪೆಟ್ಟಿಗೆ ತರಿಸುವುದಕ್ಕೆ ಏನೆನ್ನಬೇಕು.

ಪೆಟ್ಟಿಗೆ ಇದೆ, ಹುಳ ಲಿಂಬೆಗೆ ಬರುತ್ತಿಲ್ಲ

ಈ ಭಾಗದ ಅಸಲಿ ತೊಂದರೆ ಇದು. ಮೆಲ್ಲಿಫೆರಾ ಎರಡು ಮೂರು ಕಿಲೋಮೀಟರ್ ಹಾರುತ್ತದೆ. ಆ ಸುತ್ತಿನಲ್ಲಿ ಲಿಂಬೆಗಿಂತ ರುಚಿಯಾದ ಹೂವು ಇದ್ದರೆ ಅಲ್ಲಿಗೇ ಹೋಗುತ್ತದೆ. ಹಸ್ತ ಬಹಾರಿನಲ್ಲಿ (ಮಳೆಗಾಲದ ಕೊನೆಯ ಹೂವು) ಗುರೆಳ್ಳು, ತೊಗರಿ, ಬಾರೆ ಹೂವಿರುತ್ತದೆ. ಅಂಬೆ ಬಹಾರಿನಲ್ಲಿ (ಚಳಿಗಾಲದ ಕೊನೆಯ ಹೂವು) ಕುಸುಬೆ, ಸೂರ್ಯಕಾಂತಿ, ಬೀಜಕ್ಕೆ ಬಿಟ್ಟ ಉಳ್ಳಾಗಡ್ಡಿ, ಕೊತ್ತಂಬರಿ. ಬಿಳಿಜೋಳದ ತೆನೆ ಪುಡಿ ಉದುರಿಸುವುದು ಬೆಳಗಿನ ಹೊತ್ತು ಮಾತ್ರ, ಬಿಸಿಲೇರಿದ ಮೇಲೆ ಹುಳ ಅದನ್ನು ಬಿಡುತ್ತದೆ. ಬೆಳಗಿನ 8ಕ್ಕೆ ತೋಟ ಖಾಲಿ ಎಂದು ಗಾಬರಿಪಡದೆ 11ಕ್ಕೆ ಮತ್ತೆ ನೋಡಿ.

ಪೆಟ್ಟಿಗೆಯ ಬಾಗಿಲಲ್ಲಿ ಕೂತು ಕಾಲಿನ ಪರಾಗದ ಉಂಡೆಯ ಬಣ್ಣ ನೋಡಿ. ಲಿಂಬೆಯ ಪರಾಗವನ್ನು ಬಿಳಿ ಕಾಗದಕ್ಕೆ ಒರೆಸಿ ಪಕ್ಕದಲ್ಲಿ ಇಟ್ಟುಕೊಳ್ಳಿ, ಕುಸುಬೆಯದನ್ನೂ ಒರೆಸಿಕೊಳ್ಳಿ. ಎರಡೂ ಹಳದಿಯ ಮಗ್ಗುಲಿನವೇ, ನೆನಪಿನಿಂದ ಹೇಳಲು ಹೋದರೆ ಮೋಸ ಹೋಗುತ್ತೀರಿ.

ಪರಿಹಾರ ಇರುವುದು ಪೆಟ್ಟಿಗೆ ತರುವ ದಿನದಲ್ಲಿ. ನೂರಕ್ಕೆ ಐದರಿಂದ ಹತ್ತು ಹೂ ಅರಳಿದಾಗ ತನ್ನಿ. ಹೂವಿಲ್ಲದಾಗಲೇ ತಂದು ಇಟ್ಟರೆ ಹುಳ ಸುತ್ತಲಿನ ಕುಸುಬೆ ಹೊಲದ ದಾರಿ ಕಲಿತು ಅದಕ್ಕೇ ಅಂಟಿಕೊಳ್ಳುತ್ತದೆ. ಒಮ್ಮೆ ಒಂದು ಹೂವಿಗೆ ಒಗ್ಗಿದ ಹುಳ ಬೇಗ ಬದಲಾಗದು. ಈಗಾಗಲೇ ಹಾಗಾಗಿದ್ದರೆ ತೋಟದೊಳಗೇ ಆಚೆ ಈಚೆ ಜರುಗಿಸಬೇಡಿ, ಇನ್ನೂರು ಮೀಟರ್ ಸರಿಸಿದ ಪೆಟ್ಟಿಗೆಯ ಹುಳ ಹಳೆಯ ಜಾಗಕ್ಕೇ ಮರಳಿ ನೆಲದ ಮೇಲೆ ಗುಡ್ಡೆ ಬಿದ್ದು ಸಾಯುತ್ತದೆ. ಮೂರು ಕಿಲೋಮೀಟರಿಗೂ ದೂರದಿಂದ, ರಾತ್ರಿ, ಬಾಗಿಲಿಗೆ ಜಾಳಿಗೆ ಬಡಿದು ತಂದ ಹೊಸ ಪೆಟ್ಟಿಗೆಯೇ ದಾರಿ.

ಬೆಲ್ಲದ ನೀರು ಹೂವಿಗೆ ಸಿಂಪಡಿಸಿದರೆ ಜೇನು ಬರುತ್ತದೆ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಬರುತ್ತದೆ, ನಿಜ. ಬಂದು ಎಲೆ ನೆಕ್ಕುತ್ತದೆ. ಇರುವೆ ಬರುತ್ತದೆ, ಎಲೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ನಮ್ಮ ಮತ ಇದರ ವಿರುದ್ಧ.

ಪೆಟ್ಟಿಗೆಯೇ ಸೊರಗಿದ್ದರೆ

ಬಾಡಿಗೆಗೆ ಬಂದ ಹತ್ತು ಪೆಟ್ಟಿಗೆಯಲ್ಲಿ ಎರಡು ಮೂರು ಹೆಸರಿಗೆ ಮಾತ್ರ ಪೆಟ್ಟಿಗೆ. ಇಳಿಸಿಕೊಂಡ ಮರುದಿನವೇ, ಸಾಕುವವರ ಎದುರಿಗೇ ಮುಚ್ಚಳ ತೆಗೆಸಿ. ಹತ್ತು ಚೌಕಟ್ಟಿನ ಸಂಸಾರ ಕೋಣೆಯಲ್ಲಿ (ಮರಿ ಬೆಳೆಯುವ ಕೋಣೆ) ಕನಿಷ್ಠ ಆರೇಳು ಚೌಕಟ್ಟು ಹುಳದಿಂದ ಮುಚ್ಚಿರಬೇಕು, ನಾಲ್ಕರಲ್ಲಾದರೂ ಮೊಟ್ಟೆ, ಎಳೆಮರಿ, ಮುಚ್ಚಿದ ಕೋಶ ಮೂರೂ ಇರಬೇಕು. ಮುಚ್ಚಳ ಹಾಕದ ಎಳೆಮರಿ ಎಷ್ಟಿದೆ ಎಂಬುದೇ ಪರಾಗದ ಹಸಿವಿನ ಅಳತೆ. ಮರಿಯಿಲ್ಲದೆ ಬರೀ ತುಪ್ಪ ತುಂಬಿದ ಪೆಟ್ಟಿಗೆ ಭಾರವಾಗಿರುತ್ತದೆ, ಎತ್ತಿದವನಿಗೆ ಖುಷಿಯಾಗುತ್ತದೆ; ಪರಾಗ ತರುವ ಹುಳ ಅದರಲ್ಲಿ ಕಡಿಮೆ. ಮೊಟ್ಟೆಯೇ ಕಾಣದಿದ್ದರೆ ರಾಣಿ ಇಲ್ಲ. ಒಂದೊಂದು ಕೋಶದಲ್ಲಿ ಮೂರು ನಾಲ್ಕು ಮೊಟ್ಟೆ ಅಡ್ಡಾದಿಡ್ಡಿ ಬಿದ್ದಿದ್ದರೆ ಕೆಲಸಗಾರ ಹುಳವೇ ಮೊಟ್ಟೆ ಇಡಲು ಹತ್ತಿದೆ. ಆ ಪೆಟ್ಟಿಗೆ ವಾಪಸ್ ಕಳಿಸಿ.

ಎರಿಯಲ್ಲಿ ಬಲೆ, ಕಪ್ಪು ಹಿಕ್ಕೆ ಕಂಡರೆ ಮೇಣದ ಹುಳ. ಅಡಿಹಲಗೆಯ ಕಸ ಗುಡಿಸಿ, ಹುಳ ಮುಚ್ಚದ ಖಾಲಿ ಎರಿ ಹೊರಗೆ ತೆಗೆಯಿರಿ. ರೆಕ್ಕೆ ಮುದುಡಿದ ಹುಳ ಬಾಗಿಲ ಮುಂದೆ ತೆವಳುತ್ತಿದ್ದರೆ ವರೋವಾ ನುಸಿ ಇರಬಹುದು, ಔಷಧ ಸಾಕುವವರ ಕೆಲಸ. ಚಳಿಗಾಲದಲ್ಲಿ ತಂತಿಯ ಮೇಲೆ ಸಾಲಾಗಿ ಕೂರುವ ಕಳ್ಳಿಪೀರ ಹಕ್ಕಿ ಹಾರುವ ಹುಳವನ್ನೇ ಹಿಡಿದು ತಿನ್ನುತ್ತದೆ. ಪೆಟ್ಟಿಗೆಯನ್ನು ತಂತಿಯಿಂದ ದೂರ, ಗಿಡದ ಮರೆಗೆ ಇಡುವುದಷ್ಟೇ ಇದಕ್ಕೆ ಉಪಾಯ.

ಪೆಟ್ಟಿಗೆಯ ಬಾಗಿಲು ಮೂಡಣಕ್ಕೆ, ಮಧ್ಯಾಹ್ನದ ಬಿಸಿಲಿಗೆ ನೆರಳು, ಕಾಲುಗಳ ಕೆಳಗೆ ನೀರಿನ ಬಟ್ಟಲು ಇರುವೆಗೆ. ಕುಡಿಯಲು ಅಗಲ ತಟ್ಟೆಯಲ್ಲಿ ನೀರು, ಕೂರಲು ಕಲ್ಲು. ನೀರಿಟ್ಟಿಲ್ಲವಾದರೆ ಹುಳ ಡ್ರಿಪ್ಪಿನ ತೂತಿಗೆ ಬಾಯಿ ಹಾಕುತ್ತದೆ, ಅಂದು ನೀವು ಡ್ರಿಪ್ಪಿನಲ್ಲಿ ಗೊಬ್ಬರವನ್ನೋ ಔಷಧವನ್ನೋ ಬಿಟ್ಟಿರುತ್ತೀರಿ. ಬಿಸಿಲು 38 ಡಿಗ್ರಿ ದಾಟಿದರೆ ಬಹಳಷ್ಟು ಹುಳ ನೀರು ಹೊರುವುದಕ್ಕೇ ಹೋಗುತ್ತದೆ.

ಪರಾಗ ತರುವುದು ಕಡಿಮೆ ಎನಿಸಿದರೆ 1 ಕಿಲೋ ಸಕ್ಕರೆಗೆ 1 ಲೀಟರ್ ನೀರಿನ ಪಾಕ, ಸಂಜೆ, ಪೆಟ್ಟಿಗೆಗೆ 200 ರಿಂದ 300 ಮಿಲಿ, ಒಳಗಿನ ಬಟ್ಟಲಿನಲ್ಲೇ. ಪಾಕ ಸಿಕ್ಕಾಗ ಮಕರಂದಕ್ಕೆ ಹೋಗುವ ಹುಳ ಪರಾಗದ ಕಡೆ ತಿರುಗುತ್ತದೆ. ಹೊರಗೆ ಚೆಲ್ಲಿದರೆ ಪೆಟ್ಟಿಗೆ ಪೆಟ್ಟಿಗೆಗೆ ಕಳ್ಳತನದ ಜಗಳ ಹತ್ತುತ್ತದೆ. ಬೆಲ್ಲ ಹಾಕಬೇಡಿ, ಹುಳಕ್ಕೆ ಭೇದಿಯಾಗುತ್ತದೆ.

ಔಷಧದ ಪೆಟ್ಟು

ಬಾಗಿಲ ಮುಂದೆ ಒಮ್ಮೆಲೇ ಹಿಡಿ ಹಿಡಿ ಸತ್ತ ಹುಳ, ನಾಲಗೆ ಹೊರಚಾಚಿದೆ, ಬದುಕಿರುವವು ನಡುಗುತ್ತ ಗಿರಕಿ ಹೊಡೆಯುತ್ತಿವೆ: ಇದು ವಿಷ. ಆದರೆ ಹೊಲದಲ್ಲೇ ಸತ್ತು ಮನೆಗೆ ಬಾರದ ಹುಳ ಲೆಕ್ಕಕ್ಕೆ ಸಿಗುವುದಿಲ್ಲ. ಪೆಟ್ಟಿಗೆಯಲ್ಲಿ ಮರಿ ತುಂಬ ಇದ್ದು ದೊಡ್ಡ ಹುಳ ಎರಡೇ ದಿನದಲ್ಲಿ ಅರ್ಧವಾದರೂ ಅದೇ ಅನುಮಾನ ಇಟ್ಟುಕೊಳ್ಳಿ.

ಹೂವಿನ ಜೊತೆಗೇ ಚಿಗುರು ಬರುತ್ತದೆ, ಚಿಗುರಿನ ಜೊತೆ ಸಿಲ್ಲಾ ಎಂಬ ರಸ ಹೀರುವ ಕೀಟ, ಎಲೆ ಸುರಂಗದ ಹುಳ. ಅವುಗಳಿಗೆಂದು ಹೊಡೆಯುವ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಡೈಮೆಥೊಯೇಟ್, ಕ್ವಿನಾಲ್‌ಫಾಸ್ ನಾಲ್ಕೂ ಜೇನಿಗೆ ಕಡು ವಿಷ. ಮೊಗ್ಗು ಬೆಂಕಿಕಡ್ಡಿಯ ತಲೆಯಷ್ಟಾಗುವ ಮೊದಲು ಒಂದು ಸಲ ಹೊಡೆದು ಮುಗಿಸಿ, ಮುಂದಿನದು ಮುಕ್ಕಾಲು ಪಾಲು ಎಸಳು ಉದುರಿದ ಮೇಲೆ. ನಡುವೆ ತಡೆಯಲಾಗದಿದ್ದರೆ ಬೇವಿನೆಣ್ಣೆ, ಅದೂ ಹೊತ್ತು ಮುಳುಗಿದ ಮೇಲೆ. ಇಮಿಡಾಕ್ಲೋಪ್ರಿಡನ್ನು ಬುಡಕ್ಕೆ ಸುರಿದರೆ ಸುರಕ್ಷಿತ ಎಂಬ ನಂಬಿಕೆ ತಪ್ಪು. ಬೇರಿನಿಂದ ಏರಿ ಮಕರಂದಕ್ಕೇ ಬರುತ್ತದೆ. ಹೂವಿನ ಮುಂಚಿನ ತಿಂಗಳುಗಳಲ್ಲಿ ಬುಡಕ್ಕೆ ಹಾಕಲೇಬೇಡಿ. ಕಜ್ಜಿ ರೋಗಕ್ಕೆ ಹೊಡೆಯುವ ತಾಮ್ರದ ಔಷಧವನ್ನೂ ಅರಳಿದ ಹೂವಿಗೆ ಬೇಡ, ಪರಾಗ ಮೊಳೆಯಲು ಅಡ್ಡಿ.

ನಿಮ್ಮ ಪಂಪು ಬಂದಾಗಿದ್ದರೂ ಪಕ್ಕದ ದಾಳಿಂಬೆ, ದ್ರಾಕ್ಷಿ ತೋಟದ ಪಂಪು ನಡೆದೇ ಇರುತ್ತದೆ. ಪೆಟ್ಟಿಗೆ ಇಳಿಸುವ ಮೊದಲು ಸುತ್ತಲಿನ ಹೊಲದವರಿಗೆ ತಿಳಿಸಿ, ಹೊಡೆಯುವ ಹಿಂದಿನ ಸಂಜೆ ಒಂದು ಫೋನ್ ಮಾಡಲು ಕೇಳಿಕೊಳ್ಳಿ. "ಕಾಕಾ, ನಾಳೆ ಔಷಧ ಹೊಡಿಯೂದು ಐತೇನ್ರಿ?" ಎಂದು ನೀವೇ ಕೇಳಿದರೂ ಆದೀತು. ಫೋನ್ ಬಂದರೆ ರಾತ್ರಿಯೇ ಬಾಗಿಲಿಗೆ ಜಾಳಿಗೆ ಹಾಕಿ, ಮೇಲೆ ಒದ್ದೆ ಗೋಣಿ ಹೊದಿಸಿ, ಗಾಳಿಯಾಡುವಂತೆ ನೋಡಿ ಮರುದಿನ ಮಧ್ಯಾಹ್ನದ ತನಕ ಇಡಬಹುದು. ಅದಕ್ಕೂ ಹೆಚ್ಚು ಹೊತ್ತು ಕೂಡಿಟ್ಟರೆ ಸೆಖೆಗೇ ಸಾಯುತ್ತವೆ.

ಮಳೆಗಾಲದ ಹಿಂಚಿನಲ್ಲಿ ಒಂದು ದಿನ ಮಳೆ ಬಂತೆಂದು ಕಂಗೆಡಬೇಡಿ. ಹೂವಿನ ತಲೆ ಒಂದೇ ದಿನಕ್ಕೆ ಒಣಗುವುದಿಲ್ಲ, ಕೆಲವು ದಿನ ಪರಾಗಕ್ಕೆ ಕಾಯುತ್ತದೆ. ವಾರಗಟ್ಟಲೆ ಮೋಡ ಕಟ್ಟಿ ಜಿನುಗಿದರೆ ಪರಾಗದ ಚೀಲವೇ ಒಡೆಯದು. ಆಗ ಮಾಡುವುದೇನೂ ಇಲ್ಲ.

ಮೂರೂ ಸೋತರೆ: ಗಿಡದ ಕಡೆ

ಹೆಚ್ಚಿನ ಸಲ ದೋಷ ತಾಣದಲ್ಲಿದೆ, ಅಂದರೆ ಹೂವಿಗಾಗಿ ಗಿಡಕ್ಕೆ ನೀರು ನಿಲ್ಲಿಸುವ ಕ್ರಮದಲ್ಲಿ. ಮಸಾರಿ, ಮರಡಿ ನೆಲದ ಗಿಡ ನಾಲ್ಕು ವಾರದಲ್ಲೇ ಬಾಡುತ್ತದೆ. ಕಪ್ಪು ನೆಲದ ಗಿಡಕ್ಕೆ ಆರು ವಾರವೂ ಬೇಕಾದೀತು. ಪಕ್ಕದವರ ದಿನ ಲೆಕ್ಕ ನೋಡಿ ನೀರು ಬಿಡುವುದಲ್ಲ, ಎಲೆ ಮುದುಡಿ ಕಾಲುಭಾಗದಷ್ಟು ಉದುರಿದ್ದನ್ನು ನೋಡಿ ಬಿಡಬೇಕು. ಮೊದಲ ನೀರು ತೆಳುವಾಗಿ, ಮೂರು ನಾಲ್ಕು ದಿನ ಬಿಟ್ಟು ಎರಡನೆಯದು ಸ್ವಲ್ಪ ಹೆಚ್ಚು, ಆಮೇಲೆ ಪೂರ್ತಿ. ಒಣಗಿದ ಗಿಡಕ್ಕೆ ಒಮ್ಮೆಲೇ ಮಡಿ ತುಂಬ ನೀರು ಕೊಟ್ಟರೆ ಮೊಗ್ಗು ಸಹಿತ ಕಳಚುತ್ತದೆ. ಹೂ ಬಂದ ಮೇಲೆ ನೀರು ತಪ್ಪಿಸಿದರೂ ಅದೇ ಗತಿ.

ಬೇಸಿಗೆಯ ದರಕ್ಕಾಗಿ ಹಸ್ತ ಬಹಾರ ಹಿಡಿಯುವವರಿಗೆ ಇಲ್ಲಿ ಇನ್ನೊಂದು ಕಷ್ಟ. ಸೊಲ್ಲಾಪುರ ಸೀಮೆಗೆ ಮಳೆ ಜೋರಾಗುವುದೇ ಸೆಪ್ಟೆಂಬರಿನಲ್ಲಿ, ತಾಣ ಕೊಡುವುದೆಲ್ಲಿ? ಅದಕ್ಕೇ ಜೂನ್‌ನಲ್ಲಿ ಜಿಬ್ಬರೆಲಿಕ್ ಆಮ್ಲ 50 ಪಿಪಿಎಂ (ಹತ್ತು ಲಕ್ಷ ಪಾಲಿಗೆ 50), ಸೆಪ್ಟೆಂಬರಿನಲ್ಲಿ ಚಿಗುರಿನ ಬೆಳವಣಿಗೆ ತಡೆಯುವ ಸೈಕೋಸೆಲ್ 1000 ಪಿಪಿಎಂ, ಅಕ್ಟೋಬರಿನಲ್ಲಿ ಪೊಟ್ಯಾಸಿಯಂ ನೈಟ್ರೇಟ್ (13-0-45 ಗೊಬ್ಬರ) ನೂರಕ್ಕೆ 1ರ ಪ್ರಮಾಣ ಎಂಬ ಶಿಫಾರಸು ಇದೆ. ಲೆಕ್ಕದಲ್ಲಿ ಹೇಳುವುದಾದರೆ ಶುದ್ಧ ಜಿಬ್ಬರೆಲಿಕ್ ಪುಡಿ 100 ಲೀಟರಿಗೆ 5 ಗ್ರಾಂ, ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿ. ನೂರಕ್ಕೆ 50ರ ಸೈಕೋಸೆಲ್ ಲೀಟರಿಗೆ 2 ಮಿಲಿ. 13-0-45 ಲೀಟರಿಗೆ 10 ಗ್ರಾಂ. ಜೂನ್‌ನದನ್ನು ಬಿಟ್ಟು ಅಕ್ಟೋಬರಿನದನ್ನು ಮಾತ್ರ ಹೊಡೆದು ಹೂವಿಗೆ ಕಾಯುವವರು ಬಹಳ. ಜೂನ್‌ನ ಸಿಂಪಡಣೆ ಮುಂಗಾರಿನ ಹೂವನ್ನು ತಡೆದು ಗಿಡದ ಬಲ ಉಳಿಸುತ್ತದೆ. ಅದಿಲ್ಲದೆ ಉಳಿದೆರಡು ಅರೆಬರೆ.

ಎಳೆ ಎಲೆಯ ನರ ಹಸಿರು, ನಡುವೆ ಹಳದಿ, ಎಲೆ ಸಣ್ಣ ಮತ್ತು ಚೂಪು ಎಂದರೆ ಸತುವಿನ ಕೊರತೆ. ಹೂವಿಗೆ ಮೊದಲು, ಚಿಗುರು ಬಲಿಯುವಾಗ, ಲೀಟರಿಗೆ ಸತುವಿನ ಸಲ್ಫೇಟ್ 5 ಗ್ರಾಂ ಮತ್ತು ಸುಣ್ಣ 2.5 ಗ್ರಾಂ. ಬೋರಾನಿಗೆ ಬೋರಾಕ್ಸ್ 1 ಗ್ರಾಂ, ಬೇರೆ ದಿನ. ಬೋರಾನ್ ಇಲ್ಲದೆ ಪರಾಗ ಮೊಳೆತು ಇಳಿಯುವುದು ಕುಂಠಿತವಾಗುತ್ತದೆ, ಅಂಥ ತೋಟದಲ್ಲಿ ನೀಲಿ ಟೊಂಗೆಯೂ ಸೋಲುತ್ತದೆ. ಹೆಚ್ಚು ಹಾಕಿದರೆ ಎಲೆಯ ತುದಿ ಸುಡುತ್ತದೆ, ಕೈ ಅಳತೆ ಬೇಡ.

ಬಾಡಿಗೆ ಪೆಟ್ಟಿಗೆ ಇದ್ದರೆ, ಮುಕ್ಕಾಲು ಎಸಳು ಉದುರಿದ ದಿನ ಸಾಕುವವರಿಗೆ ಫೋನ್ ಮಾಡಿ. ಅಂದೇ ರಾತ್ರಿ ಪೆಟ್ಟಿಗೆ ಗಾಡಿ ಹತ್ತಲಿ, ನಿಮ್ಮ ಔಷಧದ ಪಂಪು ಮರುದಿನ ಹೊರಬರಲಿ.